ಬರೆಯುವ ಮುಂಚೆ ಹೆಜ್ಜೆ ಕಲಿ

ಮಗೂ,

ನಿನ್ನ ಕಾಲೇಜಿನ ಬ್ಯಾಂಡಿಗೆಂದು ಮೆಕ್ಸಿಕೋದ ಜನಪದ ಧಾಟಿಗಳನ್ನಿಟ್ಟುಕೊಂಡು ಒಂದು ಕೃತಿ ಬರೆಯಲು ಹೊರಟಿದ್ದೀಯಂತೆ, ನಿನ್ನಪ್ಪ ಫೋನಿನಲ್ಲಿ ಹೇಳಿದ. ಬಹಳ ಸಂತೋಷವಾಯಿತು. ನೀನು ಟೆಕ್ಸಸ್‌ನಲ್ಲಿ ಹುಟ್ಟಿ ಬೆಳೆದವಳು. ನಿನ್ನ ಪಕ್ಕದ ಕುರ್ಚಿಯಲ್ಲಿ ಕ್ಲಾರಿನೆಟ್ ಹಿಡಿದು ಕೂರುವ ಎಷ್ಟೋ ಮಕ್ಕಳ ಅಜ್ಜ ಅಜ್ಜಿಯರು ಗಡಿಯ ಆಚೆಯವರು. ಆ ಸಂಗೀತ ನಿನಗೆ ಅಪರಿಚಿತವಲ್ಲ, ಆದರೆ ಮನೆಯಲ್ಲಿ ಕೇಳಿ ಬೆಳೆದದ್ದೂ ಅಲ್ಲ. ಇಂಥ ಜಾಗದಲ್ಲಿ ನಿಂತು ಬರೆಯುವವರಿಗೆ ಹೇಳಬೇಕಾದ ಕೆಲವು ಮಾತುಗಳಿವೆ. ಬ್ಯಾಂಡುಗಳ ನಡುವೆಯೇ ಆಯುಷ್ಯ ಕಳೆದ ನಿನ್ನ ದೊಡ್ಡಪ್ಪ ಅವನ್ನು ಹೇಳದಿದ್ದರೆ ಇನ್ಯಾರು ಹೇಳಬೇಕು?

ಲೈಬ್ರರಿಯಿಂದ ಸ್ವರಲಿಪಿಯ ಪುಸ್ತಕಗಳನ್ನು ತಂದು ಮೇಜಿನ ಮೇಲೆ ಪೇರಿಸಿಕೊಂಡಿದ್ದೀಯ ಎಂದೂ ತಿಳಿಯಿತು. ಅವು ಅಲ್ಲೇ ಇರಲಿ. ಅವನ್ನು ತೆರೆಯುವ ಮುಂಚೆ ಆ ಕುಣಿತವನ್ನು ಕಲಿ. ಚೆನ್ನಾಗಿ ಕುಣಿಯಬೇಕೆಂದಿಲ್ಲ, ಹೆಜ್ಜೆ ಎಲ್ಲಿ ಬೀಳುತ್ತದೆ, ಎಲ್ಲಿ ಬೀಳುವುದಿಲ್ಲ ಎಂದು ಕಾಲಿಗೆ ಗೊತ್ತಾದರೆ ಸಾಕು. ನೀನು ಮುಟ್ಟಲು ಹೊರಟ ಧಾಟಿಗಳಲ್ಲಿ ಬಹುಪಾಲು ಕುಣಿಯುವವರಿಗಾಗಿಯೇ ಹುಟ್ಟಿದಂಥವು. ಕಾಗದದ ಮೇಲೆ ಅವುಗಳ ಸ್ವರ ಸಿಗುತ್ತದೆ, ತೂಕ ಸಿಗುವುದಿಲ್ಲ.

ಹಲಿಸ್ಕೊ ಪ್ರಾಂತ್ಯದ 'ಸೋನ್' ಎಂಬ ಪ್ರಕಾರವನ್ನೇ ತೆಗೆದುಕೊ, ಮರಿಯಾಚಿ ಮೇಳಗಳು ನುಡಿಸುತ್ತವಲ್ಲ, ಅದು. ಬರೆದು ನೋಡಿದರೆ ಒಮ್ಮೆ 6/8 ಎಂದು ಕಾಣುತ್ತದೆ, ಒಮ್ಮೆ 3/4 ಎಂದು ಕಾಣುತ್ತದೆ. ಎರಡರಲ್ಲೂ ಇರುವುದು ಆರೇ ಮಾತ್ರೆ. ಚಿಕ್ಕಂದಿನಲ್ಲಿ ಭರತನಾಟ್ಯದ ಕ್ಲಾಸಿನಲ್ಲಿ ಹೇಳಿಕೊಟ್ಟದ್ದನ್ನು ನೆನಪಿಸಿಕೊ: 'ತಕಿಟ ತಕಿಟ' ಎಂದರೂ ಆರು, 'ತಕ ತಕ ತಕ' ಎಂದರೂ ಆರು. ಸೋನ್‌ನಲ್ಲಿ ಇವೆರಡೂ ಒಂದರ ಹಿಂದೆ ಒಂದು ಬರುತ್ತವೆ, ಎಷ್ಟೋ ಸಲ ಒಟ್ಟೊಟ್ಟಿಗೇ ಬರುತ್ತವೆ. ವಯಲಿನ್ನು 'ತಕಿಟ'ದಲ್ಲಿ ಹೋಗುತ್ತಿದ್ದರೆ ಗಿತಾರೋನ್ ಎಂಬ ಆ ದಪ್ಪ ಹೊಟ್ಟೆಯ ಮಂದ್ರ ವಾದ್ಯ 'ತಕ'ದಲ್ಲಿ ಎಳೆಯುತ್ತಿರುತ್ತದೆ. ಇದಕ್ಕೆ ಅಲ್ಲಿನವರು ಸೆಸ್ಕಿಯಾಲ್ತೆರಾ ಎನ್ನುತ್ತಾರೆ. ಕೇಳುವವರ ಮೈಯನ್ನು ಕುರ್ಚಿಯಿಂದ ಎಬ್ಬಿಸುವುದು ಈ ಜಗ್ಗಾಟವೇ. ಆದರೆ ಬ್ಯಾಂಡಿನ ಮಕ್ಕಳು ಇದನ್ನು ಕಣ್ಣಿನಿಂದ ಓದಿ ನುಡಿಸಿದಾಗ ಆರೂ ಮಾತ್ರೆ ಸಮನಾಗಿ ಬೀಳುತ್ತವೆ, ಜಗ್ಗಾಟ ಸತ್ತುಹೋಗುತ್ತದೆ. ಬರೆದವರಿಗೇ ಅದು ಮೈಗೆ ಇಳಿದಿಲ್ಲದಿದ್ದರೆ ಒತ್ತು ಎಲ್ಲಿ ಹಾಕಬೇಕು, ಯಾವ ಸ್ವರವನ್ನು ಮೊಟಕಾಗಿ ನುಡಿಸಲು ಹೇಳಬೇಕು ಎಂಬುದು ಅವರಿಗಾದರೂ ಎಲ್ಲಿಂದ ತಿಳಿಯಬೇಕು?

ವೆರಾಕ್ರೂಸ್ ಕರಾವಳಿಯ ಕಡೆಗೆ ಹೋದರೆ ಸಂಗತಿ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿನದು ಸೋನ್ ಹಾರೋಚೊ. ಹಾರ್ಪು, ಹಾರಾನಾ ಎಂಬ ಪುಟ್ಟ ಗಿಟಾರು, ಇವುಗಳ ಜೊತೆಗೆ ನೆಲದ ಮೇಲೆ ಒಂದು ಮರದ ಹಲಗೆಯ ವೇದಿಕೆ. ಅದರ ಹೆಸರು ತಾರಿಮಾ. ಕುಣಿಯುವವರು ಅದರ ಮೇಲೆ ಹತ್ತಿ ಹಿಮ್ಮಡಿ, ಮುಂಗಾಲುಗಳಿಂದ ತಾಳ ಹಾಕುತ್ತಾರೆ. ಅವರ ಕಾಲೇ ಆ ಮೇಳದ ತಾಳವಾದ್ಯ. ಇದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಮರ್ಯಾದೆಯಿದೆ. ಹಾಡುವವರು ಪದ ಹೇಳುತ್ತಿರುವಾಗ ಕುಣಿಯುವವರು ಹೆಜ್ಜೆಯನ್ನು ಮೆತ್ತಗಾಗಿಸುತ್ತಾರೆ, ಪದಗಳು ಎಲ್ಲರ ಕಿವಿಗೂ ಬೀಳಬೇಕಲ್ಲ. ಪದ ಮುಗಿದು ಬರೀ ವಾದ್ಯ ಉಳಿದಾಗ ಹಲಗೆ ಗುಡುಗುತ್ತದೆ. ವಾದ್ಯವಿನ್ಯಾಸದ ಮೇಲೆ ದಪ್ಪ ದಪ್ಪ ಪುಸ್ತಕಗಳನ್ನು ಓದುತ್ತಿದ್ದೀಯ, ಓದು. ಆದರೆ ಎಲ್ಲಿ ತಗ್ಗಬೇಕು, ಎಲ್ಲಿ ಏರಬೇಕು ಎಂಬುದನ್ನು ಹಳ್ಳಿಯ ಒಂದು ಹಲಗೆಯ ಮೇಲೆ ಆ ಜನ ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ನಿನ್ನ ಡ್ರಮ್ ಸಾಲನ್ನು ಬರೆಯುವಾಗ ಈ ಹಲಗೆಯನ್ನು ಕಣ್ಣೆದುರು ಇಟ್ಟುಕೊ.

ಈ ಕರಾವಳಿಗೇ ಬಂದಿದ್ದ ಕಾಂಪೋಸರ್ ಹೊಸೆ ಪಾಬ್ಲೊ ಮೊಂಕಾಯೊ. ಆಗ ಅವನಿಗಿನ್ನೂ ಮೂವತ್ತು ತುಂಬಿರಲಿಲ್ಲ. ಮೆಕ್ಸಿಕೋ ನಗರದ ವಾದ್ಯವೃಂದವನ್ನು ನಡೆಸುತ್ತಿದ್ದ ಕಾರ್ಲೋಸ್ ಚಾವೆಸ್ ನಾಡಿನ ಸಾಂಪ್ರದಾಯಿಕ ಸಂಗೀತದ ಕಾರ್ಯಕ್ರಮಕ್ಕೆ ಒಂದು ಕೃತಿ ಬರೆದುಕೊಡು ಎಂದಿದ್ದರು. ಮೊಂಕಾಯೊ ತನ್ನ ಗೆಳೆಯ ಬ್ಲಾಸ್ ಗಾಲಿಂದೊನನ್ನು ಕರೆದುಕೊಂಡು ಆಲ್ವಾರಾದೊ ಎಂಬ ಊರಿಗೆ ಹೋಗಿ ಕೆಲವು ದಿನ ಕೂತು ಕೇಳಿ ಬರೆದುಕೊಂಡ. ಬರೆದುಕೊಳ್ಳುವುದು ಬಹಳ ಕಷ್ಟವಾಯಿತಂತೆ, ಏಕೆಂದರೆ ಅಲ್ಲಿನ ಗಾಯಕರು ಒಂದೇ ಧಾಟಿಯನ್ನು ಎರಡನೇ ಸಲ ಅದೇ ರೀತಿ ಹಾಡುತ್ತಿರಲಿಲ್ಲ. ಊರಿಗೆ ಮರಳಿ ಹಿರಿಯ ಸಂಗೀತಗಾರ ಕಾಂದೆಲಾರಿಯೊ ಉಯಿಸಾರ್ ಅವರಿಗೆ ತಂದದ್ದನ್ನೆಲ್ಲ ತೋರಿಸಿದ. ಉಯಿಸಾರ್ ಕೊಟ್ಟ ಸಲಹೆಯನ್ನು ಮೊಂಕಾಯೊ ಮುಂದೆ ಕೃತಜ್ಞತೆಯಿಂದ ನೆನೆದಿದ್ದಾನೆ: ಕೇಳಿದ್ದನ್ನು ಮೊದಲು ಕೇಳಿದ ಹಾಗೇ ಮುಂದಿಡು, ಆಮೇಲೆ ನಿನ್ನ ಯೋಚನೆಯಂತೆ ಬೆಳೆಸು ಎಂಬ ಅರ್ಥದ ಮಾತು. ಹಾಗೆ ಹುಟ್ಟಿದ್ದು 'ವಾಪಾಂಗೊ'. 1941ರ ಆಗಸ್ಟ್‌ನಲ್ಲಿ ಚಾವೆಸ್ ಅದನ್ನು ಮೊದಲ ಸಲ ನುಡಿಸಿದರು. ಸಿಕಿಸಿರಿ, ಬಾಲಾಹು, ಗಾವಿಲಾನ್ಸಿತೊ ಎಂಬ ಮೂರು ಸೋನ್‌ಗಳು ಅದರೊಳಗಿವೆ.

ಇವತ್ತು ಮೆಕ್ಸಿಕೋದ ಜನ ಅದನ್ನು ಎರಡನೇ ರಾಷ್ಟ್ರಗೀತೆಯಂತೆ ಕಾಣುತ್ತಾರೆ. ಬ್ಯಾಂಡುಗಳಿಗೆ ಅದರ ರೂಪಾಂತರ ಸಿಗುತ್ತದೆ, ನಿಮ್ಮ ಕಾಲೇಜಿನ ಸಂಗ್ರಹದಲ್ಲೂ ಇರಬಹುದು. ತರಿಸಿಕೊಂಡು ಕೊನೆಯ ಭಾಗ ನೋಡು. ಅಲ್ಲಿ ಟ್ರಂಪೆಟ್ಟೂ ಟ್ರಾಂಬೋನೂ ಒಂದಕ್ಕೊಂದು ಉತ್ತರ ಕೊಡುತ್ತ ಹೋಗುತ್ತವೆ. ತಾರಿಮಾದ ಪಕ್ಕ ನಿಂತ ಇಬ್ಬರು ಗಾಯಕರು ಒಬ್ಬರ ಪದಕ್ಕೆ ಇನ್ನೊಬ್ಬರು ಪದ ಕಟ್ಟಿ ಹೇಳುವುದನ್ನೇ ಮೊಂಕಾಯೊ ಹಿತ್ತಾಳೆ ವಾದ್ಯಗಳಿಗೆ ಹಂಚಿದ್ದಾನೆ. ಆಲ್ವಾರಾದೊಗೆ ಹೋಗದೆ ಬರೀ ಧಾಟಿಯನ್ನು ಪುಸ್ತಕದಲ್ಲಿ ನೋಡಿದ್ದವನಿಗೆ ಈ ಸವಾಲು ಜವಾಬು ಹೊಳೆಯುತ್ತಿತ್ತೆ? ನನಗಂತೂ ಹಾಗನ್ನಿಸುವುದಿಲ್ಲ.

ಹಾಗಂತ ಪುಸ್ತಕದಿಂದ ತೆಗೆದದ್ದೆಲ್ಲ ಕೆಟ್ಟದ್ದು ಎನ್ನಲಾರೆ. ಅಮೆರಿಕದ ಕಾಂಪೋಸರ್ ಏರನ್ ಕೋಪ್ಲಂಡ್ 1932ರಲ್ಲಿ ಚಾವೆಸ್ ಕರೆದರೆಂದು ಮೆಕ್ಸಿಕೋಗೆ ಹೋದವರು ಅಲ್ಲಿನ ಒಂದು ನೃತ್ಯಮಂದಿರಕ್ಕೆ ಮನಸೋತರು. ಅದರ ಹೆಸರನ್ನೇ ಕೃತಿಗೂ ಇಟ್ಟರು, 'ಎಲ್ ಸಾಲೋನ್ ಮೆಹಿಕೊ'. ಆ ಮಂದಿರದಲ್ಲಿ ಮೂರು ಹಾಲುಗಳು: ಒಳ್ಳೆ ಬಟ್ಟೆ ಹಾಕಿಕೊಂಡವರಿಗೆ ಒಂದು, ಕೆಲಸದ ಉಡುಪಿನಲ್ಲಿದ್ದರೂ ಕಾಲಿಗೆ ಬೂಟು ಇದ್ದವರಿಗೆ ಒಂದು, ಬರಿಗಾಲಿನವರಿಗೆ ಇನ್ನೊಂದು. ಕೋಪ್ಲಂಡ್ ಧಾಟಿಗಳನ್ನು ಆರಿಸಿಕೊಂಡದ್ದು ಅಚ್ಚಾದ ಸಂಗ್ರಹಗಳಿಂದ, ಆದರೆ ಅವನ್ನು ಮುರಿದು ಜೋಡಿಸುವಾಗ ಆ ಹಾಲಿನ ಗದ್ದಲ ಅವರ ಕಿವಿಯಲ್ಲಿತ್ತು. ಪ್ರಾಚೀನ ನಾಗರಿಕತೆಗಳ ಆಳದ ಮೆಕ್ಸಿಕೋವನ್ನು ತಾನು ಹಿಡಿಯಲಾರೆ, ಪ್ರವಾಸಿಯ ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬಲ್ಲೆ ಎಂದು ಅವರು ಸ್ಪಷ್ಟವಾಗಿಯೇ ಹೇಳಿಕೊಂಡರು. 1937ರಲ್ಲಿ ಚಾವೆಸ್ ಅದನ್ನು ಮೆಕ್ಸಿಕೋ ನಗರದಲ್ಲೇ ಮೊದಲು ನುಡಿಸಿದಾಗ ಪರದೇಶಿಯೊಬ್ಬ ತಮ್ಮ ಧಾಟಿಗಳನ್ನು ಮುಟ್ಟಿದ್ದಕ್ಕೆ ಜನ ಏನನ್ನುತ್ತಾರೋ ಎಂಬ ಅಳುಕು ಕೋಪ್ಲಂಡ್‌ಗಿತ್ತು. ತಾಲೀಮಿನ ಹಾಲಿಗೆ ಕಾಲಿಟ್ಟಾಗ ಬೀಥೋವನ್ ನುಡಿಸುತ್ತಿದ್ದ ವಾದಕರು ಅದನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿದರಂತೆ. ಮಾರ್ಕ್ ಹಿಂಡ್ಸ್‌ಲಿ ಮಾಡಿದ ಬ್ಯಾಂಡ್ ರೂಪಾಂತರವನ್ನು ಈಗ ಎಲ್ಲ ಕಡೆ ನುಡಿಸುತ್ತಾರೆ. ತಾಳದ ಲೆಕ್ಕ ಪದೇ ಪದೇ ಬದಲಾಗುವ ಕೃತಿ ಅದು, ಅಭ್ಯಾಸ ಕಡಿಮೆಯಾದರೆ ವೇದಿಕೆಯ ಮೇಲೆ ಕೈಕೊಡುತ್ತದೆ.

ನೀನು ನಿಜವಾಗಿ ಮಾದರಿಯಾಗಿ ಇಟ್ಟುಕೊಳ್ಳಬೇಕಾದದ್ದು ಎಚ್. ಓವನ್ ರೀಡ್ ಬರೆದ 'ಲಾ ಫಿಯೆಸ್ತಾ ಮೆಹಿಕಾನಾ'. ರೀಡ್ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾಗಿದ್ದರು. ಗುಗೆನ್‌ಹೈಮ್ ಫೆಲೋಶಿಪ್ ಸಿಕ್ಕಾಗ ಮೆಕ್ಸಿಕೋದಲ್ಲಿ ತಿಂಗಳುಗಟ್ಟಲೆ ಇದ್ದು, 1949ರಲ್ಲಿ ಈ ಕೃತಿಯನ್ನು ಮುಗಿಸಿದರು. ಗಮನಿಸು, ಇದು ಆರ್ಕೆಸ್ಟ್ರಾದಿಂದ ಇಳಿಸಿಕೊಂಡದ್ದಲ್ಲ, ಬ್ಯಾಂಡಿಗೆಂದೇ ಬರೆದ ಸಿಂಫನಿ. ಮೂರು ಭಾಗ. ಮೊದಲನೆಯದರಲ್ಲಿ ನಡುರಾತ್ರಿಯ ಗಂಟೆ, ಪಟಾಕಿಯಿಂದ ಹಬ್ಬ ಶುರುವಾಗಿ ಅಸ್ತೆಕ್ ನರ್ತಕರ ಕುಣಿತ. ಎರಡನೆಯದು ಚರ್ಚಿನ ಪೂಜೆ, ಅಲ್ಲಿ ಗ್ರೆಗೋರಿಯನ್ ಮಂತ್ರದ ಧಾಟಿ ಇದೆ. ಮೂರನೆಯದು ಜಾತ್ರೆ: ಸರ್ಕಸ್ಸು, ಸಂತೆ, ಗೂಳಿಕಾಳಗ, ಊರ ಬ್ಯಾಂಡು, ಮದ್ಯದಂಗಡಿಯ ಮರಿಯಾಚಿ. ಚಾಪಾಲಾ, ಗ್ವಾದಲಹಾರಾ, ಕ್ವೆರ್ನಾವಾಕಾ ಕಡೆಯ ನಿಜವಾದ ಧಾಟಿಗಳನ್ನು ರೀಡ್ ಬಳಸಿದರು. ಕೊನೆಯ ಭಾಗದಲ್ಲಿ 'ಎಲ್ ಸೋನ್ ದೆ ಲಾ ನೆಗ್ರಾ' ಬಂದಾಗ ಅದನ್ನು ಗುರುತು ಸಿಗದಂತೆ ತಿರುಚಲು ಹೋಗಲಿಲ್ಲ, ಮರಿಯಾಚಿ ಮೇಳ ಎದುರಿಗೆ ಬಂದು ನಿಂತ ಹಾಗೇ ಬಿಟ್ಟಿದ್ದಾರೆ. ಆ ಧೈರ್ಯ ನನಗೆ ಬಹಳ ಹಿಡಿಸುತ್ತದೆ. ತನ್ನ ಜಾಣತನ ತೋರಿಸಬೇಕೆಂಬ ಹಂಬಲ ಕಾಂಪೋಸರಿಗೆ ಇದ್ದೇ ಇರುತ್ತದೆ, ಅದನ್ನು ಬದಿಗಿಟ್ಟು ಊರ ಜನಕ್ಕೆ ದಾರಿ ಬಿಟ್ಟುಕೊಡುವುದು ಸುಲಭವಲ್ಲ. ರೀಡ್ 2014ರಲ್ಲಿ ತೀರಿಕೊಂಡರು, ನೂರು ದಾಟಿ ಬದುಕಿದವರು.

ಟೆಕ್ಸಸ್‌ನಲ್ಲೇ ಹುಟ್ಟಿದ ಮಾದರಿಯೂ ಇದೆ, ಕ್ಲಿಫ್ಟನ್ ವಿಲಿಯಮ್ಸ್ ಬರೆದ 'ಫಿಯೆಸ್ತಾ'. ಸಾನ್ ಆಂಟೋನಿಯೊ ನಗರದ ಹಬ್ಬಗಳ ಬಣ್ಣ ಅದರಲ್ಲಿದೆ. ಒಮ್ಮೆ ಕೇಳಿಕೊ.

ಈಗ ದಾನ್ಸೋನ್ ಎಂಬ ಕುಣಿತದ ಮಾತು. ನೀನು ಹೈಸ್ಕೂಲಿನಲ್ಲಿದ್ದಾಗ ನಿಮ್ಮ ಬ್ಯಾಂಡು ಆರ್ತುರೊ ಮಾರ್ಕೆಸ್ ಅವರ 'ದಾನ್ಸೋನ್ ನಂ. 2' ನುಡಿಸಿತ್ತಲ್ಲ, ಆ ಆರಂಭದ ಕ್ಲಾರಿನೆಟ್ ನಿನ್ನ ಪಾಲಿಗೇ ಬಂದಿತ್ತು. ಅದರ ಹಿಂದಿನ ಕಥೆ ಆಗ ಯಾರೂ ನಿನಗೆ ಹೇಳಿರಲಾರರು. ದಾನ್ಸೋನ್ ಹುಟ್ಟಿದ್ದು ಕ್ಯೂಬಾದಲ್ಲಿ. ಮಿಗೆಲ್ ಫಾಯಿಲ್ದೆ 1879ರಲ್ಲಿ ಮಾತಾನ್ಸಾಸ್ ಊರಿನಲ್ಲಿ ನುಡಿಸಿದ್ದು ಮೊದಲನೆಯದು ಎನ್ನುತ್ತಾರೆ. ಅಲ್ಲಿಂದ ಸಮುದ್ರ ದಾಟಿ ಯುಕಾತಾನ್, ವೆರಾಕ್ರೂಸ್‌ಗೆ ಬಂದು ಮೆಕ್ಸಿಕೋ ನಗರದ ನೃತ್ಯಮಂದಿರಗಳಲ್ಲಿ ನೆಲೆಸಿತು. ಇವತ್ತಿಗೂ ವೆರಾಕ್ರೂಸ್‌ನ ಚೌಕದಲ್ಲಿ ಸಂಜೆ ಹೊತ್ತು ವಯಸ್ಸಾದ ಗಂಡ ಹೆಂಡತಿಯರು ಮಡಿ ಬಟ್ಟೆ ಹಾಕಿಕೊಂಡು ಬಂದು ಕುಣಿಯುತ್ತಾರೆ. ಹೆಜ್ಜೆ ಬಹಳ ಚಿಕ್ಕದು, ಒಂದು ಇಟ್ಟಿಗೆಯ ಅಗಲದೊಳಗೆ ಕುಣಿಯಬೇಕು ಎನ್ನುವುದು ಅಲ್ಲಿನ ಮಾತು. ಮೊದಲ ಧಾಟಿ ಮತ್ತೆ ಮತ್ತೆ ಮರಳಿ ಬರುತ್ತದೆ. ಬಂದಾಗಲೆಲ್ಲ ಜೋಡಿಗಳು ಕುಣಿತ ನಿಲ್ಲಿಸಿ ವಾದ್ಯದವರ ಕಡೆ ತಿರುಗಿ ನಿಂತು ಕೇಳುತ್ತವೆ, ಹೆಂಗಸರು ಬೀಸಣಿಗೆ ಬೀಸಿಕೊಳ್ಳುತ್ತಾರೆ. ಅದು ಮುಗಿದ ತಕ್ಷಣ ತಪ್ಪದೆ ಮತ್ತೆ ಹೆಜ್ಜೆ ಶುರು.

ಮಾರ್ಕೆಸ್ ಸೊನೋರಾದ ಆಲಾಮೋಸ್‌ನವರು, ಅವರ ತಂದೆ ಮರಿಯಾಚಿ ವಾದಕರು. ಆದರೂ ದಾನ್ಸೋನ್‌ನ ಒಳಗುಟ್ಟು ಅವರಿಗೆ ತಿಳಿದದ್ದು ತಡವಾಗಿ. ಚಿತ್ರಕಾರ ಆಂದ್ರೆಸ್ ಫೊನ್ಸೇಕಾ, ನರ್ತಕಿ ಇರೇನೆ ಮಾರ್ತೀನೆಸ್ ಇಬ್ಬರಿಗೂ ಈ ಕುಣಿತ ಚೆನ್ನಾಗಿ ಗೊತ್ತಿತ್ತು, ಅವರ ಜೊತೆ ಮಾಲಿನಾಲ್ಕೊಗೆ ಪ್ರವಾಸ ಹೋದಾಗ ಮಾರ್ಕೆಸ್‌ಗೆ ಈ ಕೃತಿಯ ಯೋಚನೆ ಬಂತು. ಹಳೆಯ ರೆಕಾರ್ಡುಗಳನ್ನು ಕೇಳಿ, ನೃತ್ಯಮಂದಿರಕ್ಕೆ ಹೋಗಿ, ಲಯ, ಆಕಾರ, ರಾಗದ ಬಳುಕು ಎಲ್ಲವನ್ನೂ ಕಲಿತರು. 1994ರಲ್ಲಿ ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯದ ವಾದ್ಯವೃಂದ ಅದನ್ನು ಮೊದಲು ನುಡಿಸಿತು. ಮಗಳು ಲಿಲಿಗೆ ಅರ್ಪಿಸಿದ ಕೃತಿ. ಮುಖ್ಯವಾದ ವಿಷಯವೆಂದರೆ, ಅದರಲ್ಲಿ ಹಳೆಯ ಧಾಟಿ ಯಾವುದೂ ಇಲ್ಲ, ಎಲ್ಲ ಮಾರ್ಕೆಸ್ ಅವರದೇ. ಕುಣಿತದ ನಡೆ ಅಷ್ಟು ಒಳಗಿಳಿದಿದ್ದರಿಂದ ಧಾಟಿಯನ್ನು ಕಡ ತರಬೇಕಾಗಲಿಲ್ಲ. ನಿನಗೂ ಈ ದಾರಿ ತೆರೆದಿದೆ. ದಾನ್ಸೋನ್‌ನ ತಾಳದ ಮೂಲ ಎಂಟು ಮಾತ್ರೆಯ ಸಿಂಕಿಯೊ: ಎರಡು, ಒಂದು, ಎರಡು, ಒಂದು, ಎರಡು. ಮರುಸಾಲಿನಲ್ಲಿ ನಾಲ್ಕು ಸಮ ಪೆಟ್ಟು. ಇದನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಅಡುಗೆಮನೆಯಲ್ಲಿ ನಡೆದಾಡು, ಕೆಲವೇ ದಿನಗಳಲ್ಲಿ ನಿನ್ನದೇ ಧಾಟಿ ಹುಟ್ಟದಿದ್ದರೆ ಕೇಳು.

ಇನ್ನೊಂದು ವಿಷಯ ನಿನ್ನ ತರಗತಿಯಲ್ಲಿ ಯಾರೂ ಹೇಳಿಲ್ಲವೆಂದು ಕಾಣುತ್ತದೆ. ಬ್ಯಾಂಡು ಎಂದರೆ ಅಮೆರಿಕದ ಕಾಲೇಜುಗಳದ್ದು, ಜನಪದ ಎಂದರೆ ಮೆಕ್ಸಿಕೋದ್ದು, ಇವೆರಡನ್ನೂ ತಾವು ಜೋಡಿಸುತ್ತಿದ್ದೇವೆ ಎಂಬ ಭಾವನೆಯಲ್ಲಿ ಎಷ್ಟೋ ಜನ ಬರೆಯುತ್ತಾರೆ. ಆದರೆ ಮೆಕ್ಸಿಕೋದಲ್ಲಿ ಬ್ಯಾಂಡೇ ಜನಪದ. ವಾಹಾಕಾ ಪ್ರಾಂತ್ಯದ ಬೆಟ್ಟದ ಹಳ್ಳಿಗಳಲ್ಲಿ ಕ್ಲಾರಿನೆಟ್ಟು, ಸ್ಯಾಕ್ಸೊಫೋನು, ಟ್ಯೂಬಾ ಹಿಡಿದ ಊರ ಬ್ಯಾಂಡು ಇಲ್ಲದೆ ಹಬ್ಬವಿಲ್ಲ, ಮದುವೆಯಿಲ್ಲ, ಶವಯಾತ್ರೆಯೂ ಇಲ್ಲ. ಬ್ಯಾಂಡಿನಲ್ಲಿ ನುಡಿಸುವುದು ಅಲ್ಲಿ ಊರಿಗೆ ಸಲ್ಲಿಸುವ ಸೇವೆ. ಒಂದು ಊರಿನ ಹಬ್ಬಕ್ಕೆ ಇನ್ನೊಂದು ಊರಿನ ಬ್ಯಾಂಡು ಹೋಗಿ ನುಡಿಸಿದರೆ, ಆ ಊರಿನವರು ಇವರ ಹಬ್ಬಕ್ಕೆ ಬಂದು ಆ ಋಣ ತೀರಿಸುತ್ತಾರೆ. ಮಿಹೆ ಜನರ ತ್ಲಾವಿತೋಲ್ತೆಪೆಕ್ ಎಂಬ ಊರಿನಲ್ಲಿ 1970ರ ದಶಕದ ಕೊನೆಯಿಂದ ಒಂದು ಸಂಗೀತ ಶಾಲೆಯೇ ನಡೆಯುತ್ತಿದೆ, ಅಲ್ಲಿ ಕಲಿತ ಮಕ್ಕಳ ಬ್ಯಾಂಡನ್ನು ಒಮ್ಮೆ ಕೇಳಿ ನೋಡು. ಅದೇ ಪ್ರಾಂತ್ಯದ ಗರಿಯ ಕುಣಿತ, ದಾನ್ಸಾ ದೆ ಲಾ ಪ್ಲೂಮಾ, ಸ್ಪೇನಿನವರು ಬಂದು ನಾಡನ್ನು ಗೆದ್ದ ಕಥೆಯನ್ನು ತೋರಿಸುತ್ತದೆ. ತಲೆಯ ಮೇಲೆ ದೊಡ್ಡ ಗರಿಯ ಕಿರೀಟ ಹೊತ್ತು ನೆಗೆಯುವ ನರ್ತಕರ ಹಿಂದೆ ನುಡಿಯುವುದು ಹಿತ್ತಾಳೆ ಬ್ಯಾಂಡು. ಅದು ನುಡಿಸುವುದರಲ್ಲಿ ಯುರೋಪಿನ ಪೋಲ್ಕಾ, ವಾಲ್ಟ್ಸ್‌ಗಳೂ ಸೇರಿವೆ. ಇದು ಶುದ್ಧವೇ ಬೆರಕೆಯೇ ಎಂದು ಅಲ್ಲಿನವರು ತಲೆಕೆಡಿಸಿಕೊಂಡಂತಿಲ್ಲ.

ಅಮೆರಿಕಕ್ಕೂ ಈ ಬ್ಯಾಂಡು ಹೊಸದೇನಲ್ಲ. 1884-85ರಲ್ಲಿ ನ್ಯೂ ಓರ್ಲಿಯನ್ಸ್‌ನ ಹತ್ತಿ ಪ್ರದರ್ಶನಕ್ಕೆ ಎನ್ಕಾರ್ನಾಸಿಯೊನ್ ಪಾಯೆನ್ ಅವರ ಮುಂದಾಳತ್ವದಲ್ಲಿ ಮೆಕ್ಸಿಕೋದ ಎಂಟನೇ ಅಶ್ವದಳದ ಬ್ಯಾಂಡು ಬಂದಿತ್ತು. ಊರೆಲ್ಲ ಅದರ ಹಿಂದೆ ಬಿತ್ತು, ಅವರು ನುಡಿಸಿದ ಧಾಟಿಗಳನ್ನು ಅಲ್ಲಿನ ಪ್ರಕಾಶಕರು ಅಚ್ಚು ಹಾಕಿ ಮಾರಿದರು. ಜಾಸ್ ಹುಟ್ಟುವ ಮುಂಚಿನ ಆ ನಗರದ ಕಿವಿಗೆ ಮೆಕ್ಸಿಕೋದ ಗಾಳಿವಾದ್ಯಗಳ ಸದ್ದು ಬಿದ್ದದ್ದು ಹಾಗೆ. ಆದ್ದರಿಂದ, ಮಗು, ನೀನು ಯಾರಿಗೂ ಅವರ ಸಂಗೀತವನ್ನು ದೊಡ್ಡ ವೇದಿಕೆಗೆ ಏರಿಸಿಕೊಡುತ್ತಿಲ್ಲ. ಅವರು ಮೊದಲೇ ನಡೆಯುತ್ತಿರುವ ದಾರಿಗೆ ನೀನು ಹೊಸದಾಗಿ ಬಂದು ಸೇರುತ್ತಿದ್ದೀಯ. ಈ ಅರಿವಿದ್ದರೆ ಬರವಣಿಗೆಯ ಧ್ವನಿಯೇ ಬೇರೆಯಾಗುತ್ತದೆ.

ಕೆಲಸದ ಮಾತಿಗೆ ಬರುತ್ತೇನೆ. ಒಂದೇ ಪ್ರಾಂತ್ಯವನ್ನು ಆರಿಸಿಕೊ. ವಾಸ್ತೆಕಾದ ಸೋನ್‌ನಲ್ಲಿ ಗಾಯಕರ ದನಿ ತಟ್ಟನೆ ಮೇಲಕ್ಕೆ ಹಾರುತ್ತದೆ, ಒಂದೇ ವಯಲಿನ್ನು ಬಿರುಗಾಳಿಯಂತೆ ಓಡುತ್ತದೆ. ಉತ್ತರದ ಕಡೆ ಅಕಾರ್ಡಿಯನ್ನು, ಪೋಲ್ಕಾ. ಸಿನಲೋವಾದಲ್ಲಿ ಟ್ಯೂಬಾ, ತಾಂಬೋರಾ ಎಂಬ ಡೋಲು. ಇವನ್ನೆಲ್ಲ ಒಂದೇ ಕೃತಿಯಲ್ಲಿ ತುರುಕಿ ಮೇಲೆ 'ಫಿಯೆಸ್ತಾ' ಎಂದು ಹೆಸರಿಟ್ಟ ಕೃತಿಗಳು ಬ್ಯಾಂಡ್ ಲೋಕದಲ್ಲಿ ಬೇಕಾದಷ್ಟಿವೆ. ಅವು ಯಾವ ಊರಿನವೂ ಅಲ್ಲ. ಕ್ಯಾಸ್ಟನೆಟ್ಸ್ ಕಂಡರೆ ಮೆಕ್ಸಿಕೋ ನೆನಪಾಗುವವರಿದ್ದಾರೆ, ಅದು ಸ್ಪೇನಿನ ಕುಣಿತದ ವಾದ್ಯ. ಸೋನ್ ಹಾರೋಚೊಗೆ ತಾಳ ಬೇಕಿದ್ದರೆ ನಿನ್ನ ತಾಳವಾದ್ಯದವರಲ್ಲಿ ಇಬ್ಬರಿಗೆ ಗಟ್ಟಿ ಹಿಮ್ಮಡಿಯ ಬೂಟು ಹಾಕಿಸಿ ಹಲಗೆಯ ಮೇಲೆ ನಿಲ್ಲಿಸು. ನಾನು ಹಾಸ್ಯಕ್ಕೆ ಹೇಳುತ್ತಿಲ್ಲ, ಅದನ್ನು ಸ್ವರಲಿಪಿಯಲ್ಲೇ ಬರೆ.

ಮರಿಯಾಚಿ ಎಂದ ಕೂಡಲೇ ಟ್ರಂಪೆಟ್ಟುಗಳಿಗೆ ಎಲ್ಲವನ್ನೂ ಕೊಟ್ಟುಬಿಡಬೇಡ. ಅದು ಮೂಲತಃ ತಂತಿವಾದ್ಯಗಳ ಮೇಳ, ಟ್ರಂಪೆಟ್ಟು ಅದರಲ್ಲಿ ಗಟ್ಟಿಯಾಗಿ ನೆಲೆಯಾದದ್ದು 20ನೇ ಶತಮಾನದಲ್ಲಿ. ವಿವೇಲಾ ಎಂಬ ಐದು ತಂತಿಯ ಪುಟ್ಟ ವಾದ್ಯದ ಮೀಟಿನಲ್ಲಿ ಮೇಳದ ಉಸಿರಿದೆ. ಬ್ಯಾಂಡಿನಲ್ಲಿ ಆ ಮೀಟನ್ನು ಹಾರ್ನುಗಳಿಗಷ್ಟೇ ಹಾಕಿದರೆ ಭಾರವಾಗುತ್ತದೆ. ಸ್ಯಾಕ್ಸೊಫೋನು, ಕೆಳಗಿನ ಕ್ಲಾರಿನೆಟ್ಟುಗಳಿಗೆ ಹಂಚು, ಪ್ರತಿ ಸ್ವರವನ್ನೂ ಚುಟುಕಾಗಿ ಬಿಡಿಸು. ಗಿತಾರೋನ್‌ನಲ್ಲಿ ಎರಡು ತಂತಿಗಳನ್ನು ಒಟ್ಟಿಗೆ ಮೀಟಿ ಒಂದೇ ಸ್ವರವನ್ನು ಎರಡು ಸ್ಥಾಯಿಯಲ್ಲಿ ಕೇಳಿಸುತ್ತಾರೆ. ಅದಕ್ಕೆ ಟ್ಯೂಬಾ ಕೆಳಗೆ, ಯುಫೋನಿಯಂ ಅಥವಾ ಬ್ಯಾರಿಟೋನ್ ಸ್ಯಾಕ್ಸ್ ಮೇಲೆ, ಜೊತೆಗೆ ಬೆರಳಲ್ಲಿ ಮೀಟುವ ಡಬಲ್ ಬೇಸ್. ಹಲವು ಕಡೆ ಆ ಮಂದ್ರ ಮೊದಲ ಪೆಟ್ಟನ್ನು ಖಾಲಿ ಬಿಟ್ಟು ಆಮೇಲಿನದಕ್ಕೆ ಬೀಳುತ್ತದೆ. ಟ್ಯೂಬಾದವರಿಗೆ ಮೊದಲ ಪೆಟ್ಟು ನುಡಿಸಲು ಕೈ ತುರಿಸುತ್ತದೆ, ತಾಲೀಮಿನಲ್ಲಿ ಅವರ ಮೇಲೆ ಒಂದು ಕಣ್ಣಿಟ್ಟಿರು.

ತಾಲೀಮಿಗೆ ಮುಂಚೆ ಬ್ಯಾಂಡನ್ನು ಪೂರ್ತಿ ಎಬ್ಬಿಸಿ ನಿಲ್ಲಿಸು. ಅರ್ಧ ಜನ 'ತಕಿಟ' ಚಪ್ಪಾಳೆ ತಟ್ಟಲಿ, ಅರ್ಧ ಜನ 'ತಕ' ಹೆಜ್ಜೆ ಹಾಕಲಿ, ಆಮೇಲೆ ಅದಲು ಬದಲು. ಮನೆಯಲ್ಲಿ ಈ ಕುಣಿತ ನೋಡಿ ಬೆಳೆದ ಮಕ್ಕಳು ನಿಮ್ಮಲ್ಲಿದ್ದಾರಲ್ಲ, ಅವರನ್ನು ಮುಂದೆ ಕರೆದು ಕೇಳು, ಅವರ ಅಜ್ಜಿಯರನ್ನೂ ತಾಲೀಮಿಗೆ ಕರೆಸು. ಅವರು 'ಇದು ಹೀಗಲ್ಲ' ಎಂದರೆ ಬರೆದದ್ದನ್ನು ಹೊಡೆದುಹಾಕಲು ಹಿಂಜರಿಯಬೇಡ.

ಕೊನೆಗೆ ಸ್ವರಲಿಪಿಯ ಮೊದಲ ಪುಟ. ಯಾವ ಸೋನ್, ಯಾವ ಪ್ರಾಂತ್ಯದ್ದು, ಯಾವ ಮೇಳ ಹೇಗೆ ನುಡಿಸಿದ್ದನ್ನು ಕೇಳಿ ಬರೆದೆ ಎಂದು ಅಲ್ಲಿ ವಿವರವಾಗಿ ಬರೆ. ಬರೀ 'ಜನಪದ ಧಾಟಿ' ಎಂದು ಬರೆದು ಕೈತೊಳೆದುಕೊಳ್ಳಬೇಡ. ಯಾರಾದರೂ ಹಾಡಿ ತೋರಿಸಿದ್ದರೆ ಅವರ ಒಪ್ಪಿಗೆ ಕೇಳಿ ಹೆಸರು ಹಾಕು, ಮೇಳವೊಂದು ನಿನಗಾಗಿ ಸಮಯ ಕೊಟ್ಟಿದ್ದರೆ ಅದಕ್ಕೆ ಸಲ್ಲಬೇಕಾದ ಹಣ ಕೊಡು. ಕೆಲವು ಧಾಟಿಗಳು ಹಳೆಯವೆಂದು ಕಂಡರೂ ಅವುಗಳ ಈಗಿನ ರೂಪದ ಹಕ್ಕು ಯಾರದೋ ಹೆಸರಿನಲ್ಲಿರುತ್ತದೆ, ಅದನ್ನು ಬರೆಯುವ ಮುಂಚೆಯೇ ವಿಚಾರಿಸಿಕೊ. ಮುಂದಿನ ಬೇಸಿಗೆ ರಜೆಯಲ್ಲಿ ವೆರಾಕ್ರೂಸ್‌ಗೆ ಹೋಗಲು ಮನಸ್ಸಿದ್ದರೆ ಟಿಕೇಟಿನ ಖರ್ಚು ನನ್ನದು. ನಿನ್ನಪ್ಪನಿಗೆ ನಾನೇ ಹೇಳುತ್ತೇನೆ.